ನೋಟಿಸ್ ಬಾರದ ಊರುಗಳು: ಹೊಸೂರು ರಸ್ತೆಯ 47 ವರ್ಷ

ಜಿಲ್ಲಾ ಆಸ್ಪತ್ರೆಯ ಡಾಕ್ಟರು ‘ಇಲ್ಲಿ ಆಗಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಿ’ ಎಂದು ಚೀಟಿ ಬರೆದುಕೊಟ್ಟರೆ ನಮ್ಮ ಹಳ್ಳಿಗಳ ಜನ ಹೋಗುವ ದೊಡ್ಡಾಸ್ಪತ್ರೆಗಳಲ್ಲಿ ಹಲವು ಒಂದೇ ದಾರಿಯಲ್ಲಿವೆ. ತಲೆಗೆ ಪೆಟ್ಟಾದರೆ ನಿಮ್ಹಾನ್ಸ್, ಕ್ಯಾನ್ಸರ್ ಎಂದರೆ ಕಿದ್ವಾಯಿ, ಅಲ್ಲಿಂದ ಸ್ವಲ್ಪ ಮುಂದೆ ಸೇಂಟ್ ಜಾನ್ಸ್, ಊರಾಚೆ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ. ಇವೆಲ್ಲ ಹೊಸೂರು ರಸ್ತೆಯ ಮೇಲೋ ಅದರ ಮಗ್ಗುಲಲ್ಲೋ ಇವೆ. ಮೆಜೆಸ್ಟಿಕ್‌ನಲ್ಲಿ ಇಳಿದು ಅತ್ತ ಹೊರಟವರಿಗೆ ‘ಸಿಲ್ಕ್ ಬೋರ್ಡ್ ಜಾಮ್’ ಎಂದರೇನು ಎಂದು ಯಾರೂ ವಿವರಿಸಬೇಕಿಲ್ಲ. ಆಂಬುಲೆನ್ಸ್‌ನಲ್ಲಿ ಹೋದವರಿಗಂತೂ ಬೇಡವೇ ಬೇಡ.

ಆ ಜಾಮ್ ತಾನಾಗಿ ಹುಟ್ಟಿದ್ದಲ್ಲ. ಅದರ ಹಿಂದೆ ಒಂದು ಯೋಜನೆಯಿದೆ, ಆ ಯೋಜನೆಯಲ್ಲಿ ಬಿಟ್ಟುಹೋದ ಒಂದು ಲೆಕ್ಕವಿದೆ. ಇವತ್ತು ಬಿಡದಿಯಲ್ಲಿ ಟೌನ್‌ಶಿಪ್, ದಾಬಸ್‌ಪೇಟೆ-ದೊಡ್ಡಬಳ್ಳಾಪುರದ ನಡುವೆ ಕ್ವಿನ್ ಸಿಟಿ ಎಂದೆಲ್ಲ ಮಾತು ಕೇಳುತ್ತಿರುವಾಗ ಆ ಹಳೆಯ ಲೆಕ್ಕವನ್ನು ಒಮ್ಮೆ ತೆಗೆದು ನೋಡೋಣ ಅನ್ನಿಸಿತು. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಿದೆ, ಬಿಡುವು ಮಾಡಿಕೊಂಡು ಓದಿ.

ಮೊದಲು ಊರಿನ ಪರಿಚಯ. ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು. ಎರಡೂ ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿಯ ಹಳ್ಳಿಗಳು. ಬೇಗೂರು ಸಾಮಾನ್ಯ ಜಾಗವಲ್ಲ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಕೆತ್ತಿದೆ. ಈವರೆಗೆ ಸಿಕ್ಕಿರುವ ದಾಖಲೆಗಳಲ್ಲಿ ಆ ಹೆಸರಿನ ಅತಿ ಹಳೆಯ ಉಲ್ಲೇಖ ಇದೇ. ಅಂದರೆ ಬೆಂಗಳೂರು ಅನ್ನುವ ಹೆಸರನ್ನು ಕಲ್ಲಿನಲ್ಲಿ ಉಳಿಸಿಕೊಟ್ಟ ಹೋಬಳಿ ಸಾವಿರ ವರ್ಷ ಕಳೆದ ಮೇಲೂ ಬೆಂಗಳೂರಿಗೆ ಸೇರಿರಲಿಲ್ಲ. ರಾಗಿ, ತರಕಾರಿ, ಕೆರೆ, ತೋಪು. ಪಕ್ಕದಲ್ಲಿ ಹೊಸೂರು, ಕೃಷ್ಣಗಿರಿ ದಾಟಿ ಮದರಾಸಿನ ಕಡೆಗೆ ಹೋಗುವ ಹೆದ್ದಾರಿ. ಆನೇಕಲ್ ಕಡೆಯ ಹೂವು, ತರಕಾರಿ ಇದೇ ರಸ್ತೆಯಲ್ಲಿ ಮಡಿವಾಳದ ಮಾರ್ಕೆಟ್ಟಿಗೂ ಕೆ.ಆರ್. ಮಾರ್ಕೆಟ್ಟಿಗೂ ಹೋಗುತ್ತಿತ್ತು.

1976ರಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಎಂಬ ನಿಗಮ ಹುಟ್ಟುಹಾಕಿತು. ಅದರ ಮೊದಲ ಅಧ್ಯಕ್ಷರು ಆರ್.ಕೆ. ಬಾಳಿಗಾ. ಬೆಂಗಳೂರನ್ನು ಎಲೆಕ್ಟ್ರಾನಿಕ್ಸ್ ಉದ್ಯಮದ ಕೇಂದ್ರ ಮಾಡಬೇಕೆಂಬುದು ಅವರ ಕನಸು. 1978ರಲ್ಲಿ ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. ಊರಿಗೆ ‘ಸಿಟಿ’ ಎಂದು ಹೆಸರಿಟ್ಟರೂ ಅದು ಸಿಟಿಯಾಗಿರಲಿಲ್ಲ. ಶೆಡ್ಡುಗಳು, ರಸ್ತೆಗಳು, ಕರೆಂಟು ಇದ್ದವು. ಜನ ಬಂದು ವಾಸಿಸುವ ವ್ಯವಸ್ಥೆ ಆ ಯೋಜನೆಯ ಮುಖ್ಯ ಭಾಗವಾಗಿರಲಿಲ್ಲ.

ಬಾಳಿಗಾ ಅವರನ್ನು ಬೈಯಲು ನಾವು ಇದನ್ನು ಬರೆಯುತ್ತಿಲ್ಲ. 1978ರಲ್ಲಿ ಎಲೆಕ್ಟ್ರಾನಿಕ್ಸ್ ಅಂದರೆ ರೇಡಿಯೊ, ಟಿ.ವಿ.ಯ ಬಿಡಿಭಾಗ, ಟೆಲಿಫೋನಿನ ಸಾಮಾನು. ಒಂದು ಎಕರೆ ಶೆಡ್ಡಿನಲ್ಲಿ ಯಂತ್ರಗಳೇ ಹೆಚ್ಚು ಜಾಗ ತಿನ್ನುತ್ತಿದ್ದವು, ಜನ ಕಡಿಮೆ. 1971ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಹದಿನಾರೂವರೆ ಲಕ್ಷದಷ್ಟು. ನಗರದ ನಡುಭಾಗದಿಂದ 18-20 ಕಿ.ಮೀ. ದೂರ ಎಂದರೆ ಅದು ಊರಾಚೆ, ಕಾಡುದಾರಿ. ಅಲ್ಲಿಗೆ ದಿನಕ್ಕೆ ಲಕ್ಷ ಜನ ಹೋಗಿಬರುತ್ತಾರೆ ಎಂದು ಆಗ ಯಾರಾದರೂ ಹೇಳಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು.

ಆದರೆ ಬೆಂಗಳೂರಿಗೆ ಇನ್ನೊಂದು ಮಾದರಿ ಅಷ್ಟರಲ್ಲಾಗಲೇ ಗೊತ್ತಿತ್ತು ಅನ್ನುವುದನ್ನು ಇಲ್ಲಿ ಹೇಳಲೇಬೇಕು. 1948ರಲ್ಲಿ ಶುರುವಾದ ಐಟಿಐ ಟೆಲಿಫೋನ್ ಕಾರ್ಖಾನೆಗೆ ದೂರವಾಣಿನಗರವೆಂಬ ಕಾಲೊನಿ ಇತ್ತು, ಪಕ್ಕದಲ್ಲಿ ಕೃಷ್ಣರಾಜಪುರ ರೈಲು ನಿಲ್ದಾಣವಿತ್ತು. ಎಚ್‌ಎಂಟಿ, ಬಿಇಎಲ್ ಬಂದಾಗ ಜಾಲಹಳ್ಳಿಯಲ್ಲಿ ಕ್ವಾರ್ಟರ್ಸ್, ಶಾಲೆ, ಮೈದಾನ ಎಲ್ಲ ಬಂದವು. ದೂರದಿಂದ ಬರುವವರಿಗೆ ಕಂಪನಿ ಬಸ್ಸು. ಭದ್ರಾವತಿ ನೋಡಿದವರಿಗೆ, ಕೆಜಿಎಫ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆ ಎಲ್ಲಿ ಬಂತೋ ಕೆಲಸಗಾರರಲ್ಲಿ ಬಹಳ ಮಂದಿ ಅಲ್ಲೇ ಮನೆ ಮಾಡಿದರು. ಸೈರನ್ ಕೂಗಿದರೆ ಜನ ನಡೆದೋ ಸೈಕಲ್ಲಿನಲ್ಲೋ ಗೇಟಿಗೆ ಬರುತ್ತಿದ್ದರು. ಆ ಟೌನ್‌ಶಿಪ್‌ಗಳಲ್ಲೂ ಹತ್ತಾರು ತಕರಾರುಗಳಿದ್ದವು. ಕ್ವಾರ್ಟರ್ಸ್ ಸಿಗದವರ ಪಾಡು ಬೇರೆಯೇ ಇತ್ತು. ಆದರೂ ಸಾವಿರಾರು ಜನರನ್ನು ಪ್ರತಿದಿನ ಹೇಗೆ ಕರೆತರುವುದು ಅನ್ನುವ ಪ್ರಶ್ನೆಯನ್ನು ಕಾರ್ಖಾನೆ ಕಟ್ಟುವವರೇ ಹೊತ್ತುಕೊಂಡಿದ್ದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆ ಪ್ರಶ್ನೆ ಹೆದ್ದಾರಿಯ ತಲೆಗೆ ಬಿತ್ತು.

1991ರ ನಂತರ ಎಲ್ಲ ಬದಲಾಯಿತು. ಆರ್ಥಿಕ ಉದಾರೀಕರಣ ಬಂತು, ಸಾಫ್ಟ್‌ವೇರ್ ಬಂತು. 1994ರ ಹೊತ್ತಿಗೆ ಇನ್ಫೋಸಿಸ್ ಇಲ್ಲಿಗೆ ಬಂದು ನೆಲೆಯೂರಿತು. ಹಿಂದೆಯೇ ವಿಪ್ರೊ, ಎಚ್‌ಪಿ, ಸೀಮೆನ್ಸ್, ಇನ್ನೂ ನೂರಾರು ಕಂಪನಿಗಳು. ಇಲ್ಲಿ ಒಂದು ವಿಷಯ ಗಮನಿಸಿ. ಯಂತ್ರದ ಕಾರ್ಖಾನೆ ಜಾಗ ಕೇಳುತ್ತದೆ, ಸಾಫ್ಟ್‌ವೇರ್ ಕಂಪನಿ ಕುರ್ಚಿ ಕೇಳುತ್ತದೆ. ಅದೇ ಒಂದು ಎಕರೆಯಲ್ಲಿ ನಾಲ್ಕಾರು ಮಹಡಿ ಎಬ್ಬಿಸಿ ಸಾಲುಸಾಲು ಕುರ್ಚಿ ಹಾಕಿದರೆ ಐವತ್ತು ಜನರ ಜಾಗದಲ್ಲಿ ಸಾವಿರ ಜನ ಕೂರುತ್ತಾರೆ. ನಕ್ಷೆಯಲ್ಲಿ ಎಕರೆ ಅಷ್ಟೇ ಇದೆ. ಗೇಟಿನ ಮುಂದೆ ಬೆಳಿಗ್ಗೆ ಒಂಬತ್ತಕ್ಕೆ ನಿಂತರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಬಾಳಿಗಾ 1988ರಲ್ಲೇ ತೀರಿಕೊಂಡಿದ್ದರು, ಈ ಪ್ರವಾಹ ನೋಡಲಿಲ್ಲ. ನೋಡಿದವರು ಆಮೇಲಿನ ಸರ್ಕಾರಗಳು. ಎಲ್ಲ ಪಕ್ಷಗಳ ಸರ್ಕಾರಗಳೂ. ಜನ ಬರುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಎರಡನೇ ಹಂತ, ಮೂರನೇ ಹಂತ ಎಂದು ಜಾಗ ವಿಸ್ತರಿಸುತ್ತಾ ಹೋದರು. ಅತ್ತ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕೈಗಾರಿಕಾ ಪ್ರದೇಶಗಳೂ ಬೆಳೆದವು. ಇಷ್ಟಕ್ಕೂ ಸೇರಿ ದಾರಿ ಒಂದೇ. ನಮ್ಮ ದೂರು ಇರುವುದು 1978ರ ಮೇಲಲ್ಲ, 1995ರ ನಂತರದ ವರ್ಷಗಳ ಮೇಲೆ.

ರಸ್ತೆ ಯಾಕೆ ಕಟ್ಟುತ್ತದೆ? ನಾಲೆ ನೀರಿನ ಲೆಕ್ಕ ಗೊತ್ತಿರುವ ನಮಗೆ ಇದು ಕಷ್ಟದ ವಿಷಯವಲ್ಲ. ರಸ್ತೆಯ ಒಂದು ಪಥದಲ್ಲಿ, ಸಿಗ್ನಲ್ಲು ಅಡ್ಡಿ ಯಾವುದೂ ಇಲ್ಲದಿದ್ದರೆ, ಗಂಟೆಗೆ ಹೆಚ್ಚೆಂದರೆ ಎರಡು ಸಾವಿರದಷ್ಟು ಕಾರು ಹರಿಯುತ್ತವೆ. ಒಂದು ಕಾರಿಗೆ ಒಬ್ಬರೇ ಕೂತಿದ್ದರೆ ಎರಡು ಸಾವಿರ ಜನ ಅಷ್ಟೇ. ಅದೇ ಎರಡು ಸಾವಿರ ಜನಕ್ಕೆ ಐವತ್ತು ಸೀಟಿನ ನಲವತ್ತು ಬಸ್ಸು ಸಾಕು. ಕೆಲಸದ ಹೊತ್ತು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆಳಿಗ್ಗೆ ಎಲ್ಲರೂ ಆ ಕಡೆ, ಸಂಜೆ ಎಲ್ಲರೂ ಈ ಕಡೆ. ಇಡೀ ಅಚ್ಚುಕಟ್ಟಿಗೆ ಒಂದೇ ಗಂಟೆಯಲ್ಲಿ ನೀರು ಬಿಟ್ಟ ಹಾಗೆ. ನಾಲೆಯನ್ನು ಎಷ್ಟೇ ಅಗಲ ಮಾಡಿ, ಕೊನೆಯ ತೂಬು ಹಳೆಯದೇ ಇದ್ದರೆ ನೀರು ಅಲ್ಲಿ ಉಕ್ಕಲೇಬೇಕು.

ಹೊಸೂರು ರಸ್ತೆಯ ತೂಬು ಸಿಲ್ಕ್ ಬೋರ್ಡ್. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಅಲ್ಲಿರುವುದರಿಂದ ಆ ವೃತ್ತಕ್ಕೆ ಆ ಹೆಸರು. ರೇಷ್ಮೆ ಬೆಳೆಯುವ ನಮ್ಮ ರಾಮನಗರ, ಶಿಡ್ಲಘಟ್ಟ ಕಡೆಯವರಿಗೆ ಹೆಮ್ಮೆಯಾಗಬೇಕಿದ್ದ ಹೆಸರು ಈಗ ಮೊಬೈಲಿನಲ್ಲಿ ಮೀಮ್ ಆಗಿ ಓಡಾಡುತ್ತಿದೆ. ಹೊಸೂರು ರಸ್ತೆಗೆ ಔಟರ್ ರಿಂಗ್ ರಸ್ತೆ ಬಂದು ಕೂಡುವುದು ಇಲ್ಲೇ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಮಾರತಹಳ್ಳಿ-ಬೆಳ್ಳಂದೂರಿನ ಐಟಿ ಪಾರ್ಕುಗಳು, ಮತ್ತೊಂದು ಕಡೆ ಇಡೀ ಬೆಂಗಳೂರು.

2000ದ ನಂತರದ ಕೆಲವು ವರ್ಷ ನಮ್ಮ ಹಳ್ಳಿಗಳಿಗೂ ಈ ರಸ್ತೆಗೂ ಹೊಸ ನಂಟು ಬೆಳೆಯಿತು. ಕಾಲ್ ಸೆಂಟರ್, ಬಿಪಿಒಗಳಿಗೆ ರಾತ್ರಿ ಪಾಳಿ. ಸಿಬ್ಬಂದಿಯನ್ನು ಮನೆಯಿಂದ ಕರೆತಂದು ಮನೆಗೆ ಬಿಡಲು ಕ್ಯಾಬ್ ಬೇಕು. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್ ಆಗ ಊರೂರಿಗೆ ಬಂತು. ಮಂಡ್ಯ, ರಾಮನಗರ, ಕೋಲಾರ, ತುಮಕೂರಿನ ಎಷ್ಟೋ ಹುಡುಗರು ಸಾಲ ಮಾಡಿ, ಕೆಲವರು ಗುಂಟೆ ಲೆಕ್ಕದಲ್ಲಿ ಜಮೀನು ಮಾರಿ ಗಾಡಿ ಕೊಂಡು ಕಂಪನಿಗಳಿಗೆ ‘ಅಟ್ಯಾಚ್’ ಮಾಡಿದರು. ಟ್ರಿಪ್ಪಿಗೆ ಇಷ್ಟು ಎಂದು ದುಡ್ಡು. ಜಾಮ್‌ನಲ್ಲಿ ಒಂದು ಗಂಟೆ ನಿಂತರೆ ಡೀಸೆಲ್ಲೂ ಅವನದೇ, ಹೊತ್ತೂ ಅವನದೇ, ತಡವಾದರೆ ಕಟ್ಟುವ ದಂಡವೂ ಅವನದೇ. ಬೆಂಗಳೂರಿನ ಟ್ರಾಫಿಕ್‌ನಿಂದ ಐಟಿ ಕಂಪನಿಗಳಿಗೆ ಇಷ್ಟು ನಷ್ಟ ಎಂದು ಪತ್ರಿಕೆಗಳು ಬರೆಯುತ್ತವೆ. ಕ್ಯಾಬ್ ಡ್ರೈವರ್‌ಗಳ ನಿದ್ದೆಯ ಲೆಕ್ಕ ಎಲ್ಲಿಯೂ ಬರಲಿಲ್ಲ.

2004-05ರ ಹೊತ್ತಿಗೆ ಕಂಪನಿಗಳೇ ಬಹಿರಂಗವಾಗಿ ಗೊಣಗತೊಡಗಿದವು. ರಸ್ತೆ ಸರಿಯಿಲ್ಲ, ಹೀಗಾದರೆ ಬೇರೆ ರಾಜ್ಯಕ್ಕೆ ಹೋಗುತ್ತೇವೆ ಎನ್ನುವ ಮಾತು ಬಂತು. ಐಟಿಯವರಿಗೆ ಕೊಟ್ಟ ಜಮೀನೆಷ್ಟು, ಅವರು ನಾಡಿಗೆ ಕೊಟ್ಟದ್ದೇನು ಎಂಬ ಪ್ರಶ್ನೆ ಈ ಕಡೆಯಿಂದ ಎದ್ದಿತು. 2005ರ ಅಕ್ಟೋಬರ್‌ನಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರಿಗೂ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರಿಗೂ ಬಹಿರಂಗ ಜಟಾಪಟಿಯೇ ನಡೆದು, ಮೂರ್ತಿಯವರು ಹೊಸ ವಿಮಾನ ನಿಲ್ದಾಣ ಕಂಪನಿಯ ಅಧ್ಯಕ್ಷ ಸ್ಥಾನ ಬಿಟ್ಟರು. ಆ ಜಗಳದಲ್ಲಿ ಎರಡೂ ಕಡೆ ದೊಡ್ಡವರಿದ್ದರು. ಸಿಂಗಸಂದ್ರದಲ್ಲಿ ರಸ್ತೆ ದಾಟಲಾಗದೆ ನಿಂತವರ ಪರವಾಗಿ ಯಾರೂ ರಾಜೀನಾಮೆ ಕೊಡಲಿಲ್ಲ.

2006 ಮುಖ್ಯವಾದ ವರ್ಷ. ಆ ವರ್ಷ ಬೆಂಗಳೂರು ಎರಡು ದಾರಿ ಹಿಡಿಯಿತು. ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ‘ನಮ್ಮ ಮೆಟ್ರೊ’ ಮೊದಲ ಹಂತಕ್ಕೆ ಶಂಕುಸ್ಥಾಪನೆ ಮಾಡಿದರು. ಆ ಹಂತದ ನಕ್ಷೆಯಲ್ಲಿ ಬೈಯಪ್ಪನಹಳ್ಳಿ ಇತ್ತು, ಮೈಸೂರು ರಸ್ತೆ ಇತ್ತು, ಎಲೆಕ್ಟ್ರಾನಿಕ್ ಸಿಟಿ ಇರಲಿಲ್ಲ. ಅಲ್ಲಿಗೆ ಕೊಟ್ಟದ್ದು ಫ್ಲೈಓವರ್. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಮೂಲಕ, ಖಾಸಗಿಯವರು ಕಟ್ಟಿ ಟೋಲ್ ವಸೂಲಿ ಮಾಡುವ ಲೆಕ್ಕದಲ್ಲಿ, ಸಿಲ್ಕ್ ಬೋರ್ಡ್ ಬಳಿಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಸುಮಾರು 10 ಕಿ.ಮೀ. ಉದ್ದದ ಎತ್ತರಿಸಿದ ರಸ್ತೆ. ಮೇಲೆ ನಾಲ್ಕು ಪಥ. 2010ರ ಜನವರಿ 22ರಂದು ತೆರೆಯಿತು.

ಕಟ್ಟುವ ಮೂರ್ನಾಲ್ಕು ವರ್ಷ ಆ ರಸ್ತೆಯಲ್ಲಿ ಓಡಾಡಿದವರಿಗೆ ಧೂಳು, ಗುಂಡಿ, ತಗಡಿನ ಬೇಲಿ ಇವತ್ತಿಗೂ ನೆನಪಿರುತ್ತದೆ. ತೆರೆದ ಮೇಲೆ ಮಾತ್ರ ನಿಜವಾಗಲೂ ಮ್ಯಾಜಿಕ್. ಒಂದು ಗಂಟೆಯ ದಾರಿ ಹತ್ತು-ಹದಿನೈದು ನಿಮಿಷಕ್ಕೆ ಇಳಿಯಿತು. ಇದನ್ನು ಅಲ್ಲಗಳೆಯುವುದು ಬೇಡ. ಆದರೆ ಮೇಲೆ ಹೋದ ರಸ್ತೆ ಎಲ್ಲಾದರೂ ಕೆಳಗೆ ಇಳಿಯಲೇಬೇಕಲ್ಲ? ಇಳಿದದ್ದು ಸಿಲ್ಕ್ ಬೋರ್ಡ್ ಬಾಯಿಗೆ. ಹತ್ತು ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿದ್ದ ಜಾಮ್ ಸುರುಳಿ ಸುತ್ತಿಕೊಂಡು ಒಂದೇ ಜಾಗದಲ್ಲಿ ಕೂತಿತು. ಮೇಲಿನ ದಾರಿ ಸಲೀಸಾಯಿತು ಎಂದು ಇನ್ನಷ್ಟು ಜನ ಕಾರು ತಂದರು, ಇನ್ನಷ್ಟು ಅಪಾರ್ಟ್‌ಮೆಂಟ್ ಎದ್ದವು. 2019ರಲ್ಲಿ ಟಾಮ್‌ಟಾಮ್ ಎಂಬ ಸಂಸ್ಥೆ ಜಗತ್ತಿನ ನಗರಗಳ ಟ್ರಾಫಿಕ್ ಅಳೆದಾಗ ಬೆಂಗಳೂರು ಮೊದಲ ಸ್ಥಾನಕ್ಕೆ ಬಂತು. ರಸ್ತೆ ಖಾಲಿಯಿದ್ದಾಗ ಹಿಡಿಯುವ ಹೊತ್ತಿಗಿಂತ ಸರಾಸರಿ 71% ಹೆಚ್ಚು ಹೊತ್ತು ಎಂದು ಅದರ ಲೆಕ್ಕ. ಇಂಥ ಮೊದಲ ಸ್ಥಾನಕ್ಕೆ ಸಿಹಿ ಹಂಚಲಾಗುವುದಿಲ್ಲ.

ಈಗ ಫ್ಲೈಓವರ್‌ನ ಕೆಳಗೆ ಬನ್ನಿ. ಬೊಮ್ಮನಹಳ್ಳಿ, ಗಾರ್ವೆಬಾವಿಪಾಳ್ಯ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್. ನಾವು ತಲೆಬರಹದಲ್ಲಿ ‘ನೋಟಿಸ್ ಬಾರದ ಊರುಗಳು’ ಎಂದದ್ದು ಇವುಗಳನ್ನು. ಜಮೀನು ಹೋಗುವ ಊರಿಗೆ ಕಾನೂನು ಒಂದು ನೋಟಿಸ್ ಆದರೂ ಕೊಡುತ್ತದೆ. ಕೆಐಎಡಿಬಿ ಕಾಯ್ದೆಯಡಿ 28(1)ರ ಅಧಿಸೂಚನೆ ಆಗುತ್ತದೆ, ಜಮೀನಿನವರು ನೋಟಿಸ್ ಕೈಸೇರಿದ 30 ದಿನದೊಳಗೆ ತಕರಾರು ಹೇಳಬಹುದು. ತಕರಾರಿಗೆ ಎಷ್ಟು ಬೆಲೆ ಎನ್ನುವುದು ಬೇರೆ ಮಾತು. ಆದರೆ ಜಮೀನು ಹೋಗದೆ, ಊರ ಮುಂದಿನ ರಸ್ತೆ ಮಾತ್ರ ಹೋಗುವ ಹಳ್ಳಿಗೆ ಯಾವ ನೋಟಿಸೂ ಬರುವುದಿಲ್ಲ. ನಿಮ್ಮ ಊರ ಮುಂದೆ ನಾಳೆಯಿಂದ ದಿನಕ್ಕೆ ಇಷ್ಟು ಸಾವಿರ ಗಾಡಿ ಹಾಯುತ್ತವೆ, ನಿಮ್ಮ ಒಪ್ಪಿಗೆ ಇದೆಯೇ ಎಂದು ಯಾರೂ ಕೇಳುವುದಿಲ್ಲ.

ಬೊಮ್ಮನಹಳ್ಳಿ ಆಗ ಬೆಂಗಳೂರಿನ ಭಾಗವೂ ಆಗಿರಲಿಲ್ಲ ಎಂಬುದು ಹಲವರಿಗೆ ಮರೆತುಹೋಗಿದೆ. ಅದೊಂದು ಪ್ರತ್ಯೇಕ ನಗರಸಭೆ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡುವವರೆಗೆ ಅದು ತನ್ನ ಪಾಡಿಗೆ ತಾನಿತ್ತು. ಅಂದರೆ ಆ ಕಡೆ ಎಲೆಕ್ಟ್ರಾನಿಕ್ ಸಿಟಿ, ಈ ಕಡೆ ಬೆಂಗಳೂರು ಮಹಾನಗರ ಪಾಲಿಕೆ, ನಡುವೆ ಈ ಸಣ್ಣ ನಗರಸಭೆ. ಗಾಡಿಗಳ ಹೊಗೆ, ಚರಂಡಿ, ಒಳರಸ್ತೆಗೆ ನುಗ್ಗುವ ಕಾರುಗಳು ಎಲ್ಲ ಅದರ ಪಾಲು. ಹೆದ್ದಾರಿ ಕೇಂದ್ರದ್ದು, ಕಂಪನಿಗಳು ಬೇರೊಂದು ವ್ಯಾಪ್ತಿಯವು. 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವೂ ಬಂತು. ಅದರ ಗಡಿಯೊಳಗೆ ಹೋಗಿ ನೋಡಿ, ರಸ್ತೆ, ಫುಟ್‌ಪಾತ್, ಮರ ಎಲ್ಲ ಅಚ್ಚುಕಟ್ಟು. ಆ ಗಡಿ ದಾಟಿ ಹತ್ತು ಹೆಜ್ಜೆ ಇಟ್ಟರೆ ನಾವು ನೀವು ನೋಡಿರುವ ಕರ್ನಾಟಕ.

ಫ್ಲೈಓವರ್ ಕೆಳಗಿನ ಹೆದ್ದಾರಿ ಊರನ್ನು ಎರಡು ಹೋಳು ಮಾಡಿತು. ಈ ಕಡೆ ಮನೆ, ಆ ಕಡೆ ಶಾಲೆ. ಈ ಕಡೆ ಬಸ್ ಸ್ಟಾಪ್, ಆ ಕಡೆ ಕಾರ್ಖಾನೆ. ನಡುವೆ ಡಿವೈಡರ್, ಕಬ್ಬಿಣದ ಬೇಲಿ. ದಾಟಲು ಸ್ಕೈವಾಕ್ ಎಲ್ಲಿದೆ ಎಂದು ಹುಡುಕಿಕೊಂಡು ನಡೆಯಬೇಕು, ಹತ್ತಬೇಕು, ಇಳಿಯಬೇಕು. ಮಂಡಿನೋವಿನ ಅಜ್ಜಿ ಏನು ಮಾಡಬೇಕು? ಬೇಲಿಯ ಸಂದಿ ಹುಡುಕುತ್ತಾರೆ. ನಮ್ಮ ಊರುಗಳ ಬೈಪಾಸ್‌ನಲ್ಲೂ ಇದೇ ಕಥೆ ನಡೆಯುತ್ತಿರುವುದನ್ನು ನೀವು ನೋಡಿಯೇ ಇರುತ್ತೀರಿ. ಹಾಯುವವರಿಗೆ ಅನುಕೂಲ ಮಾಡಿದ ರಸ್ತೆ ದಾಟುವವರಿಗೆ ಗೋಡೆಯಾಗುತ್ತದೆ.

ಈ ರಸ್ತೆಯಲ್ಲಿ ಇನ್ನೊಂದು ದೊಡ್ಡ ಗುಂಪಿದೆ. ಬೊಮ್ಮನಹಳ್ಳಿ, ಹೊಂಗಸಂದ್ರ ಸುತ್ತಮುತ್ತ ಗಾರ್ಮೆಂಟ್ಸ್ ಕಾರ್ಖಾನೆಗಳು ತುಂಬಿವೆ. ಅಲ್ಲಿ ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಅವರಲ್ಲಿ ನಮ್ಮ ನಿಮ್ಮ ಊರಿನವರೂ ಇದ್ದಾರೆ. ಆನೇಕಲ್, ಅತ್ತಿಬೆಲೆ ಕಡೆಯಿಂದ ಟೆಂಪೊದಲ್ಲಿ, 356 ನಂಬರಿನ ಬಸ್ಸುಗಳಲ್ಲಿ ಬರುವವರು, ಹತ್ತಿರದ ಒಂಟಿ ಕೋಣೆಯಿಂದ ನಡೆದೇ ಬರುವವರು. ಇವರು ಟೋಲ್ ಕಟ್ಟಿ ಮೇಲೆ ಹೋಗುವವರಲ್ಲ. ಎಲೆಕ್ಟ್ರಾನಿಕ್ ಸಿಟಿಯ ಟ್ರಾಫಿಕ್ ಎಂದು ಮಾತಾಡುವಾಗ ಇವರನ್ನು ಯಾರೂ ಎಣಿಸುವುದಿಲ್ಲ.

ಒಂದೇ ಒಂದು ಸಲ ಎಣಿಸಬೇಕಾಯಿತು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಕೆಲಸ ಬಿಟ್ಟಾಗ ಸಿಗುವ ಆ ದುಡ್ಡೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮಕ್ಕಳ ಫೀಸು, ಮದುವೆ ಖರ್ಚು, ಊರಿನ ಸಾಲ. ಏಪ್ರಿಲ್ 18ರಂದು ಅವರು ಮೆಷಿನ್ ಬಿಟ್ಟು ಹೊರಬಂದು ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಯ ಮೇಲೆ ಕೂತರು. ದೊಡ್ಡ ನಾಯಕರಿರಲಿಲ್ಲ, ಬ್ಯಾನರ್ ಇರಲಿಲ್ಲ. ಬೆಂಗಳೂರು ದಕ್ಷಿಣ ನಿಂತುಹೋಯಿತು. ಮರುದಿನ ಪೀಣ್ಯ, ಜಾಲಹಳ್ಳಿ ಕಡೆಗೂ ಹಬ್ಬಿತು. ಅಲ್ಲಿ ಹಿಂಸೆಯೂ ನಡೆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಏಪ್ರಿಲ್ 19ರಂದೇ ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು.

ಬೆಂಕಿ ಹಚ್ಚಿದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಒಂದು ಮಾತು. ಅದೇ ಹೆಣ್ಣುಮಕ್ಕಳು ಊರಿನ ತಾಲ್ಲೂಕು ಕಚೇರಿ ಮುಂದೆ ವಾರಗಟ್ಟಲೆ ಕೂತಿದ್ದರೆ ದೆಹಲಿಗೆ ಕೇಳಿಸುತ್ತಿತ್ತೇ? ಎರಡೇ ದಿನದಲ್ಲಿ ಕೇಳಿಸಿದ್ದು ಅವರು ಕೂತ ಜಾಗದಿಂದ. ಲಕ್ಷಾಂತರ ಜನಕ್ಕೆ ಒಂದೇ ದಾರಿ ಮಾಡಿಟ್ಟರೆ ಆ ದಾರಿಯ ಗಂಟಲು ಯಾರ ಕೈಗೂ ಸಿಗಬಹುದು.

ಇನ್ನು ರೈಲಿನ ವಿಷಯ. ಹೊಸೂರು ಕಡೆಗೆ ಹಳಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಬೆಂಗಳೂರು-ಸೇಲಂ ಮಾರ್ಗ ಚಂದಾಪುರದ ಹತ್ತಿರ ಹೀಲಳಿಗೆ ನಿಲ್ದಾಣ ಹಾದು ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಬಹಳ ದೂರವೇನಲ್ಲ. ಮುಂಬೈ, ಮದ್ರಾಸಿನಲ್ಲಿ ದಶಕಗಳಿಂದ ಇರುವಂಥ ಲೋಕಲ್ ರೈಲು ಇಲ್ಲಿ ಓಡಿಸಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು. ದಶಕಗಟ್ಟಲೆ ಒಂಟಿ ಹಳಿಯಲ್ಲಿ ಬೆರಳೆಣಿಕೆಯ ರೈಲು ಓಡಿದವು. ಉಪನಗರ ರೈಲು ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. ಅದರಲ್ಲಿ ಹೀಲಳಿಗೆಯಿಂದ ರಾಜಾನುಕುಂಟೆವರೆಗಿನ ಸುಮಾರು 47 ಕಿ.ಮೀ. ಮಾರ್ಗಕ್ಕೆ ‘ಕನಕ’ ಎಂದು ಹೆಸರಿಟ್ಟಿದ್ದಾರೆ. ಹೆಸರಂತೂ ಚೆನ್ನಾಗಿದೆ.

ಮೆಟ್ರೊ ಎರಡನೇ ಹಂತಕ್ಕೆ ಕೇಂದ್ರ ಒಪ್ಪಿದ್ದು 2014ರಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ, ಸುಮಾರು 19 ಕಿ.ಮೀ., 16 ನಿಲ್ದಾಣ. ಕಂಬ ಎದ್ದವು, ಹಳಿ ಬಿತ್ತು, ಬೋಗಿ ಇಲ್ಲ. ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಗಿತ್ತು. 2020ರಲ್ಲಿ ಗಡಿಯಲ್ಲಿ ಗಲಾಟೆಯಾಗಿ ಚೀನಾದ ಜೊತೆಗಿನ ವ್ಯವಹಾರ ಬಿಗಿಯಾಯಿತು. ಕೊನೆಗೆ ಕೋಲ್ಕತ್ತಾ ಬಳಿಯ ಟಿಟಾಗಢ ಕಂಪನಿಯನ್ನು ಜೊತೆಗೂಡಿಸಿ ಬೋಗಿ ಮಾಡಿಸಬೇಕಾಯಿತು. ಲಡಾಖ್‌ನ ಗುಡ್ಡದಲ್ಲಿ ನಡೆದದ್ದಕ್ಕೆ ಬೊಮ್ಮನಹಳ್ಳಿಯ ಜನ ಬಸ್ ಸ್ಟಾಪಿನಲ್ಲಿ ವರ್ಷಗಟ್ಟಲೆ ಹೆಚ್ಚು ಕಾದರು. 2025ರ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಆರಂಭದಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು.

1978ರಿಂದ 2025. ಲೆಕ್ಕ ಹಾಕಿ, 47 ವರ್ಷ. ಎಲೆಕ್ಟ್ರಾನಿಕ್ ಸಿಟಿ ಶುರುವಾದ ವರ್ಷ ಹುಟ್ಟಿದ ಮಗು ನೌಕರಿ ಹಿಡಿದು, ತಲೆ ನರೆತು, ತನ್ನ ಮಗನನ್ನು ಅದೇ ಕಡೆ ಇಂಟರ್‌ವ್ಯೂಗೆ ಕಳಿಸುವ ಹೊತ್ತಿಗೆ ರೈಲು ಬಂತು.

ಹಳದಿ ಮಾರ್ಗದ ನಿಲ್ದಾಣಗಳ ಹೆಸರು ಓದುತ್ತಾ ಹೋದರೆ ಹೋಬಳಿಯ ಪಹಣಿ ಓದಿದಂತೆ ಆಗುತ್ತದೆ. ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಬೆರಟೇನ ಅಗ್ರಹಾರ, ಮದ್ದೂರಮ್ಮನ ಜಾತ್ರೆಯ ಹುಸ್ಕೂರಿಗೆ ಹೋಗುವ ಹುಸ್ಕೂರು ರೋಡ್. ಕೆಲವಕ್ಕೆ ಮುಂದೆ ಕಂಪನಿಗಳ ಹೆಸರೂ ಅಂಟಿದೆ. ‘ಇನ್ಫೋಸಿಸ್ ಫೌಂಡೇಶನ್ ಕೋಣಪ್ಪನ ಅಗ್ರಹಾರ’, ‘ಬಯೋಕಾನ್ ಹೆಬ್ಬಗೋಡಿ’, ‘ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ’. ಕೋಣಪ್ಪನ ಅಗ್ರಹಾರದ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್ 200 ಕೋಟಿ ರೂಪಾಯಿ ಕೊಡುವ ಒಪ್ಪಂದಕ್ಕೆ 2018ರಲ್ಲಿ ಸಹಿ ಹಾಕಿತ್ತು. ಕೊಟ್ಟದ್ದು ಒಳ್ಳೆಯದೇ. ಜಮೀನು ಕೊಟ್ಟವರ ಹೆಸರನ್ನೂ ಎಲ್ಲಾದರೂ ಒಂದು ಕಲ್ಲಿನಲ್ಲಿ ಬರೆಸಿದ್ದರೆ ಬೇಗೂರಿನ ವೀರಗಲ್ಲಿಗೆ ಜೊತೆಯಾಗುತ್ತಿತ್ತು.

ಮುಂದಿನ ಯೋಜನೆಗಳ ಬಗ್ಗೆ ಎರಡು ಮಾತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ಮೂರು ವರ್ಷ ಮೀರಿದ ರೈತರ ಹೋರಾಟದ ನಂತರ 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಬಿಡದಿ ಕಡೆ ಭೈರಮಂಗಲ, ಕಂಚುಗಾರನಹಳ್ಳಿಯ ರೈತರು ಟೌನ್‌ಶಿಪ್ ವಿರೋಧಿಸಿ ಬೀದಿಗಿಳಿದರು. ಅಲ್ಲೆಲ್ಲ ಚರ್ಚೆ ಎಕರೆಗೆ ಎಷ್ಟು ಪರಿಹಾರ, ಜಮೀನು ಕೊಡಬೇಕೋ ಬೇಡವೋ ಎಂಬುದರ ಸುತ್ತ. ಅದು ಸಹಜ, ಅನ್ನದ ಪ್ರಶ್ನೆ. ಆದರೆ ಜಮೀನು ಹೋಗದ ಪಕ್ಕದ ಊರುಗಳೂ ಗ್ರಾಮಸಭೆಯಲ್ಲಿ ಬಾಯಿ ಬಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಎಷ್ಟು ಜನ ಕೆಲಸಕ್ಕೆ ಬರುತ್ತಾರೆ, ಅವರ ಮನೆ ಎಲ್ಲಿ, ರೈಲು ಮೊದಲು ಬರುತ್ತದೋ ಕಟ್ಟಡ ಮೊದಲು ಬರುತ್ತದೋ, ನಮ್ಮ ಮಕ್ಕಳು ರಸ್ತೆ ದಾಟುವುದು ಎಲ್ಲಿ ಎಂದು ಕೇಳಿ ನಡಾವಳಿಯಲ್ಲಿ ಬರೆಸಬೇಕು. 2006ರ ಪರಿಸರ ಅಧಿಸೂಚನೆಯಂತೆ 20,000 ಚದರ ಮೀಟರ್ ಮೀರಿದ ಕಟ್ಟಡ ಯೋಜನೆಗಳು ಅನುಮತಿ ಕೇಳುವಾಗ ಸಂಚಾರದ ಬಗ್ಗೆಯೂ ಉತ್ತರ ಕೊಡಬೇಕು. ಆದರೆ ಒಂದೊಂದು ಕಟ್ಟಡವೂ ತನ್ನ ಪಾಲಿನ ಗಾಡಿ ಮಾತ್ರ ಎಣಿಸುತ್ತದೆ. ನೂರು ಕಟ್ಟಡದ ಗಾಡಿ ಕೂಡಿಸಿ ಹೇಳುವವರು ಬೇಕಲ್ಲ.

ಹಳದಿ ಮಾರ್ಗ ಬಂದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ದಾರಿ ನಿಜಕ್ಕೂ ಹಗುರಾಗಿದೆ. ಜಯದೇವ ಆಸ್ಪತ್ರೆಗೆ ಹೋಗುವವರು ನಿಲ್ದಾಣದಲ್ಲೇ ಇಳಿಯಬಹುದು. ಬೊಮ್ಮಸಂದ್ರದ ಹೃದಯದ ಆಸ್ಪತ್ರೆಗೆ ಹೋಗುವವರಿಗೂ ನಾವು ಹೇಳುವುದಿಷ್ಟೆ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಿಸಿಕೊಳ್ಳಿ, ಆಟೊದವರ ಮಾತಿಗೆ ಮರುಳಾಗಬೇಡಿ. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ಟಿಕೆಟ್ ದರ 60 ರೂಪಾಯಿಯಿಂದ 90ಕ್ಕೆ ಏರಿದೆ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಟಿಕೆಟ್ ಇಲ್ಲ, ಮೆಟ್ರೊದಲ್ಲಿ ಆ ಸೌಲಭ್ಯವಿಲ್ಲ. ಹಾಗಾಗಿ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಬೊಮ್ಮನಹಳ್ಳಿಯಲ್ಲಿ 356 ಬಸ್ಸಿನ ಬಾಗಿಲಿಗೆ ಹೆಣ್ಣುಮಕ್ಕಳು ನುಗ್ಗುವುದು ನಿಂತಿಲ್ಲ. ತಲೆಯ ಮೇಲೆ ಒಂದು ಕಡೆ ಟೋಲ್ ರಸ್ತೆ, ಇನ್ನೊಂದು ಕಡೆ ಮೆಟ್ರೊ.